ಹತ್ತೊಂಬತ್ತು ಮಿಲಿಮೀಟರ್ ಸಮಾಧಾನ

ಟೆಮ್‌ಗುವಾ ಗಾಸ್ಪಾರ್ ಅವರ ಬಿಳಿ ಕೋಟಿನ ಎದೆಜೇಬಿನಲ್ಲಿ ಒಂದು ಸಣ್ಣ ಪ್ಲಾಸ್ಟಿಕ್ ಅಡಿಪಟ್ಟಿ ಮೂವತ್ತೊಂದು ವರ್ಷಗಳಿಂದ ಇತ್ತು. ಅದರ ಮೊದಲ ಸೆಂಟಿಮೀಟರಿನ ಗೆರೆಗಳು ಸವೆದು ಅಳಿಸಿಹೋಗಿದ್ದವು. ಉಳಿದವು ಅಂಗಡಿಯಿಂದ ತಂದ ದಿನದಷ್ಟೇ ಹೊಸದಾಗಿದ್ದವು. ತಮ್ಮ ಬದುಕಿನ ಸಾಧನೆಯೇನೆಂದು ಯಾರಾದರೂ ಕೇಳಿದ್ದರೆ ಅವರು ಆ ಅಡಿಪಟ್ಟಿಯನ್ನೇ ಮುಂದೆ ಹಿಡಿಯಬಹುದಾಗಿತ್ತು. ಯಾರೂ ಕೇಳಿರಲಿಲ್ಲ.

ಪಶ್ಚಿಮ ಕ್ಯಾಮೆರೂನಿನ ಬೆಟ್ಟದ ಪಟ್ಟಣವೊಂದರ ಸೂಕ್ಷ್ಮಜೀವಿ ಪ್ರಯೋಗಾಲಯದಲ್ಲಿ ಅವರು ತಂತ್ರಜ್ಞರಾಗಿದ್ದರು. ಸುತ್ತಲಿನ ಹಳ್ಳಿಗಳ ನಾಟಿ ವೈದ್ಯರು ಕೊಡುವ ಸೊಪ್ಪು, ತೊಗಟೆ, ಬೇರುಗಳನ್ನು ಒಣಗಿಸಿ, ಕುಟ್ಟಿ ಪುಡಿ ಮಾಡಿ, ಮದ್ಯಸಾರದಲ್ಲಿ ನೆನೆಹಾಕಿ, ಸೋಸಿ ಸಾರ ತೆಗೆಯುವುದು ಅವರ ಕೆಲಸದ ಮೊದಲ ಅರ್ಧ. ಗಾಜಿನ ತಟ್ಟೆಯಲ್ಲಿ ಹೆಪ್ಪುಗಟ್ಟಿಸಿದ ಲೋಳೆಯ ಮೇಲೆ, ಯಾವ ಮಾತ್ರೆಗೂ ಬಗ್ಗದೆ ಆಸ್ಪತ್ರೆಯವರನ್ನು ಸುಸ್ತು ಮಾಡಿದ ಬ್ಯಾಕ್ಟೀರಿಯಾಗಳನ್ನು ಹರಡಿ, ನಡುವೆ ಒಂದು ಪುಟ್ಟ ಕುಳಿ ಕೊರೆದು, ಅದಕ್ಕೆ ಆ ಸಾರ ತುಂಬಿಸಿ ಕಾವುಪೆಟ್ಟಿಗೆಯಲ್ಲಿಡುವುದು ಉಳಿದ ಅರ್ಧ. ಮರುದಿನ ತಟ್ಟೆಯೆಲ್ಲ ಬ್ಯಾಕ್ಟೀರಿಯಾ ಬೆಳೆದು ಕೆನೆಗಟ್ಟಿದಂತೆ ಮಸುಕಾಗಿರುತ್ತಿತ್ತು. ಕುಳಿಯ ಸುತ್ತ ಮಾತ್ರ ಏನೂ ಬೆಳೆಯದೆ ತಿಳಿಯಾದ ಉಂಗುರವೊಂದು ಕಂಡರೆ ಅದನ್ನು ಅಡಿಪಟ್ಟಿಯಿಂದ ಅಳೆದು ದಾಖಲೆ ಪುಸ್ತಕದಲ್ಲಿ ಬರೆಯಬೇಕು. ಕಾಣದಿದ್ದರೆ ಶೂನ್ಯ ಎಂದು ಬರೆಯಬೇಕು. ಗಾಸ್ಪಾರ್ ನಾನೂರ ಹನ್ನೆರಡು ಗಿಡಗಳನ್ನು ಪರೀಕ್ಷಿಸಿದ್ದರು. ಮುನ್ನೂರ ಎಂಬತ್ತೆಂಟು ಬಾರಿ ಶೂನ್ಯ ಬರೆದಿದ್ದರು.

ಈ ಲೆಕ್ಕ ಪ್ರಯೋಗಾಲಯದ ಗೋಡೆಗಳ ಒಳಗೇ ಉಳಿದಿದ್ದರೆ ಯಾರಿಗೂ ತೊಂದರೆಯಿರಲಿಲ್ಲ. ಆದರೆ ಸೊಪ್ಪು ಕೊಟ್ಟವರಿಗೆ ಫಲಿತಾಂಶ ತಿಳಿಸುವುದು ನ್ಯಾಯವೆಂದು ನಂಬಿದ್ದ ಗಾಸ್ಪಾರ್, ಪ್ರತಿಯೊಬ್ಬರಿಗೂ ಮೊಹರು ಒತ್ತಿದ ಚೀಟಿ ಕಳಿಸುತ್ತಿದ್ದರು. ತಮ್ಮ ಊರಾದ ಫೊಂಗೊ-ಲೆಪೆಯಲ್ಲಿ ಅವರು ಸಂತೆಗೆ ಹೋದರೆ ಬೇರು ಮಾರುವ ಮುದುಕಿಯರು ಬುಟ್ಟಿಯ ಮೇಲೆ ಬಟ್ಟೆ ಎಳೆದುಕೊಳ್ಳುತ್ತಿದ್ದರು. "ಶೂನ್ಯ ಬಂತು ನೋಡ್ರೇ, ಮುಚ್ಚಿಕೊಳ್ರೇ," ಎಂದು ಒಬ್ಬಳು ಕೂಗಿದರೆ ಸಾಲಿನ ಕೊನೆಯವರೆಗೂ ಬಟ್ಟೆಗಳು ಹಾರುತ್ತಿದ್ದವು.

ಇದನ್ನೆಲ್ಲ ಗಾಸ್ಪಾರ್ ಸಹಿಸಿಕೊಂಡಿದ್ದರು. ಸಹಿಸಲಾಗದೆ ಉಳಿದದ್ದು ಒಂದೇ ಶೂನ್ಯ, ನೂರ ತೊಂಬತ್ತನೆಯ ಮಾದರಿಯದು. ಅದು ಅವರ ಅತ್ತೆಯ ಮದ್ದು.

ಅತ್ತೆಯ ಹೆಸರು ಮೆಜಾತಿಯೊ. ಊರಿಗೆಲ್ಲ ಮಾ ಮೆಜಾತಿಯೊ. ಮಾಗದ ಗಾಯಗಳಿಗೆ ಆಕೆ ಕಟ್ಟಿಕೊಡುವ ತೊಗಟೆಯ ಕಂತೆಗಾಗಿ ಮೂರು ಬೆಟ್ಟಗಳಾಚೆಯಿಂದ ಜನ ಬರುತ್ತಿದ್ದರು. ಹನ್ನೊಂದು ವರ್ಷಗಳ ಹಿಂದೆ ಅಳಿಯ ಆ ಕಂತೆಯನ್ನು ಕೇಳಿ ಪಡೆದರು, ಪರೀಕ್ಷಿಸಿದರು, ಶೂನ್ಯ ಬರೆದರು, ನಿಯಮದ ಪ್ರಕಾರ ಚೀಟಿ ಕಳಿಸಿದರು. ಅಂದಿನಿಂದ ಮಾ ಮೆಜಾತಿಯೊ ಅಳಿಯನೊಂದಿಗೆ ಮಾತು ಬಿಟ್ಟರು. ಆದರೆ ಮನೆಗೆ ಬಂದ ಅಳಿಯನನ್ನು ವಿಚಾರಿಸದಿರುವುದು ಮರ್ಯಾದೆಯಲ್ಲವಾದ್ದರಿಂದ, ಆ ಹೊಣೆಯನ್ನು ಅಂಗಳದ ಒಂದು ಕೋಳಿಗೆ ವಹಿಸಿದರು.

"ಕೋಳೀ, ಈ ಮನುಷ್ಯ ಊಟ ಮಾಡ್ಕೊಂಡು ಬಂದಿದಾನಾ, ಕೇಳು."

ಮೊದಲ ವರ್ಷ ಗಾಸ್ಪಾರ್ ನೇರವಾಗಿ ಅತ್ತೆಗೇ ಉತ್ತರ ಹೇಳುತ್ತಿದ್ದರು. ಅದು ಆಕೆಯ ಕಿವಿಗೆ ಬೀಳುತ್ತಲೇ ಇರಲಿಲ್ಲ. ಎರಡನೆಯ ವರ್ಷದಿಂದ ಅವರೂ ಕೋಳಿಯತ್ತ ತಿರುಗಿ, "ಆಗಿದೆ ಅಂತ ಹೇಳಮ್ಮಾ," ಎನ್ನತೊಡಗಿದರು. ವ್ಯವಹಾರ ಸುಗಮವಾಯಿತು. ಕೋಳಿಗಳ ಆಯುಸ್ಸು ಅಷ್ಟಕ್ಕಷ್ಟೇ ಆದ್ದರಿಂದ, ಈ ಕಥೆ ನಡೆಯುವ ಹೊತ್ತಿಗೆ ಆ ಹುದ್ದೆಯಲ್ಲಿ ನಾಲ್ಕನೆಯ ಕೋಳಿಯಿತ್ತು. ಕಪ್ಪು ಬಣ್ಣದ, ಒಂದು ಕಣ್ಣು ಸ್ವಲ್ಪ ಮಂಜಾದ, ಮಾತಿನ ನಡುವೆ ಎದ್ದುಹೋಗದ ಒಳ್ಳೆಯ ಸ್ವಭಾವದ ಕೋಳಿ.

ಗಾಸ್ಪಾರ್ ಅವರ ನಿವೃತ್ತಿಗೆ ಎರಡು ವರ್ಷ ಇದ್ದಾಗ ಮಗಳು ಕ್ಲಾರಿಸಳ ಮದುವೆ ನಿಶ್ಚಯವಾಯಿತು. ಮದುಮಗಳು ಗಂಡನ ಮನೆಗೆ ಹೊರಡುವ ಮುನ್ನ ತಾಯಿಯ ತಾಯಿ ಅವಳ ಪಾದಗಳಿಗೆ ಕೆಂಪುಮರದ ಪುಡಿ ಕಲಸಿದ ತಾಳೆ ಎಣ್ಣೆಯನ್ನು ಹಚ್ಚಿ ಹರಸಬೇಕು. ಆ ಕೈ ತಾಗದೆ ಹೋದವಳಿಗೆ ಮಕ್ಕಳು ನಿಲ್ಲುವುದಿಲ್ಲ, ನಿದ್ದೆ ನಿಲ್ಲುವುದಿಲ್ಲ, ಒಲೆಯ ಮೇಲಿಟ್ಟ ಮಡಕೆಯೂ ನಿಲ್ಲುವುದಿಲ್ಲವೆಂದು ಫೊಂಗೊ-ಲೆಪೆಯ ಜನ ತಿಳಿದಿದ್ದರು.

"ಪಾಪಾ, ಅಜ್ಜಿ ಎಣ್ಣೆ ಹಚ್ಚದೆ ನಾನು ಹೊರಡಲ್ಲ," ಎಂದಳು ಕ್ಲಾರಿಸ್. "ಹೂವಿನ ಅಂಗಡಿಯೋರಿಗೆ, ಅಡುಗೆಯೋರಿಗೆ, ಬ್ಯಾಂಡಿನೋರಿಗೆ ಎಲ್ಲಾರಿಗೂ ಹೇಳಾಗಿದೆ. ಕೋಳಿಗೆ ಹೇಳೋದೊಂದು ಬಾಕಿ. ಅದು ನಿಮ್ಮ ಕೆಲಸ."

ಗಾಸ್ಪಾರ್ ಹೋಗಿ ಅತ್ತೆಯ ಅಂಗಳದಲ್ಲಿ ಕುಳಿತರು. ಕೋಳಿ ನಡುವೆ ನಿಂತಿತು.

"ಕೋಳೀ," ಎಂದರು ಮಾ ಮೆಜಾತಿಯೊ, ಕೆಸುವಿನ ಗಡ್ಡೆಯ ಸಿಪ್ಪೆ ತೆಗೆಯುತ್ತ, "ಮೊಮ್ಮಗಳ ಕಾಲಿಗೆ ಎಣ್ಣೆ ಹಚ್ಚೋಕೆ ನನಗೇನೂ ಅಡ್ಡಿ ಇಲ್ಲ. ಆದ್ರೆ ಅವಳಪ್ಪ ನನ್ನ ಮದ್ದಿಗೆ ಏನು ಮಾಡಿದನೋ ಅದನ್ನ ಮೊದಲು ಸರಿ ಮಾಡ್ಲಿ ಅಂತ ಹೇಳು."

ಗಾಸ್ಪಾರ್ ಕೋಳಿಯತ್ತ ತಿರುಗಿದರು. "ಇನ್ನೊಂದ್ಸಲ ಪರೀಕ್ಷೆ ಮಾಡ್ತೀನಿ ಅಂತ ಹೇಳಮ್ಮಾ. ಆದ್ರೆ ಇಲ್ಲದ ಉಂಗುರಾನ ಇದೆ ಅಂತ ಬರೆಯಲ್ಲ ಅಂತಾನೂ ಹೇಳು. ಅದೊಂದು ನನ್ನ ಕೈಲಾಗಲ್ಲ."

ಮುದುಕಿ ಒಳಗೆ ಹೋಗಿ ತೊಗಟೆಯ ಒಂದು ಕಂತೆಯನ್ನು ತಂದರು. ಬೇಲಿಯಿಂದ ಒಂದು ಉದ್ದನೆಯ ಎನ್‌ಕೆಂಗ್ ಎಲೆ ಕಿತ್ತು ಅದರ ಸುತ್ತ ಸುತ್ತಿ ಮೂರು ಗಂಟು ಹಾಕಿದರು. ಕಂತೆಯನ್ನು ಕೋಳಿಯ ಮುಂದೆ ಇಟ್ಟು ಒಳಗೆ ನಡೆದರು. ಗಾಸ್ಪಾರ್ ಅವರ ಎದೆ ಹಗುರವಾಯಿತು. ಎನ್‌ಕೆಂಗ್ ಸಮಾಧಾನದ ಎಲೆ. ಹೊಡೆದಾಡುವವರ ನಡುವೆ ಅದನ್ನು ಎಸೆದರೆ ಎತ್ತಿದ ಕೈ ಇಳಿಯಲೇಬೇಕು. ಅದನ್ನು ಕಟ್ಟಿ ಕಳಿಸಿದ ವಸ್ತುವನ್ನು ಪಡೆದವನು ಆ ಗಂಟನ್ನು ಬಿಚ್ಚುವಂತಿಲ್ಲ. ಬಿಚ್ಚಿದರೆ ಸಂಧಾನವನ್ನು ಒದ್ದಂತೆ.

ಈ ಎರಡನೆಯ ಸಂಗತಿ ಅವರಿಗೆ ಪೂರ್ತಿಯಾಗಿ ನೆನಪಾದದ್ದು ಪ್ರಯೋಗಾಲಯದ ಮೇಜಿನ ಮುಂದೆ ನಿಂತಾಗ. ಗೋಡೆಗೆ ಅಂಟಿಸಿದ ನಿಯಮಗಳಲ್ಲಿ ನಾಲ್ಕನೆಯದು, ಮಾದರಿಗೆ ಸೇರದ ಹುಲ್ಲು, ದಾರ, ಕಟ್ಟು ಮುಂತಾದ ಪರಕೀಯ ವಸ್ತುಗಳನ್ನು ತೆಗೆದುಹಾಕಬೇಕು ಎನ್ನುತ್ತಿತ್ತು. ಗಾಸ್ಪಾರ್ ಚಿಮಟವನ್ನು ಗಂಟಿನ ಮೇಲೆ ಹಿಡಿದು ಬಹಳ ಹೊತ್ತು ನಿಂತರು. ಮೂವತ್ತೊಂದು ವರ್ಷಗಳಲ್ಲಿ ಅವರು ಯಾವ ನಿಯಮವನ್ನೂ ಮೀರಿದವರಲ್ಲ. ಕೊನೆಗೆ ಚಿಮಟವನ್ನು ಕೆಳಗಿಟ್ಟು, ಕಂತೆಯನ್ನು ಎಲೆಯ ಸಮೇತ ನೆರಳಿನಲ್ಲಿ ಒಣಹಾಕಿದರು, ಹತ್ತು ದಿನಗಳ ನಂತರ ಎಲೆಯ ಸಮೇತ ಕುಟ್ಟಿದರು, ದಾಖಲೆ ಪುಸ್ತಕದಲ್ಲಿ "ಕಟ್ಟಿನ ಸಮೇತ" ಎಂದು ಬರೆದು ಸಹಿ ಮಾಡಿದರು.

ತಟ್ಟೆಯ ಮೇಲೆ ಹರಡಲು ಅವರು ಆರಿಸಿದ್ದು ಹದಿನೇಳನೆಯ ನಂಬರಿನ ಬ್ಯಾಕ್ಟೀರಿಯಾ. ರೋಗಿಯೊಬ್ಬನ ಕಾಲಿನ ಗಾಯದಿಂದ ತೆಗೆದಿದ್ದ ಅದರ ಮೇಲೆ ಔಷಧ ಅಂಗಡಿಯ ಒಂಬತ್ತು ಬಗೆಯ ಆಂಟಿಬಯಾಟಿಕ್‌ಗಳು ಸೋತಿದ್ದವು. ಮರುದಿನ ಬೆಳಿಗ್ಗೆ ಕಾವುಪೆಟ್ಟಿಗೆಯ ಬಾಗಿಲು ತೆರೆದಾಗ ಕುಳಿಯ ಸುತ್ತ ತಿಳಿನೀರಿನಂಥ ಉಂಗುರವಿತ್ತು. ಗಾಸ್ಪಾರ್ ಅಡಿಪಟ್ಟಿ ತೆಗೆದರು. ಅಡ್ಡಲಾಗಿ ಮೂರು ಸಲ, ಉದ್ದಕ್ಕೆ ಮೂರು ಸಲ ಅಳೆದರು. ಹತ್ತೊಂಬತ್ತು ಮಿಲಿಮೀಟರ್. ಅಡಿಪಟ್ಟಿಯ ಆ ಭಾಗದ ಗೆರೆಗಳು ಎಷ್ಟು ಸ್ಪಷ್ಟವಾಗಿವೆಯೆಂದು ಅವರು ಮೊದಲ ಬಾರಿಗೆ ಗಮನಿಸಿದರು.

ಪ್ರಯೋಗಾಲಯದ ಮುಖ್ಯಸ್ಥೆ ಪ್ರೊಫೆಸರ್ ಬಾಯಿಹಾ ಕರಾವಳಿಯ ಕಡೆಯವರು. ಬೆಟ್ಟದ ಎಲೆಗಳ ಕಟ್ಟುಪಾಡು ಅವರಿಗೆ ತಿಳಿಯದು. ಅವರು ಹಳೆಯ ದಾಖಲೆಯನ್ನೂ ಹೊಸದನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರು.

"ಹನ್ನೊಂದು ವರ್ಷದ ಹಿಂದೆ ಬರೀ ತೊಗಟೆ, ಶೂನ್ಯ. ಈಗ ತೊಗಟೆ ಜೊತೆ ಕಟ್ಟು, ಹತ್ತೊಂಬತ್ತು. ಪಾ ಗಾಸ್ಪಾರ್, ಹಾಗಾದ್ರೆ ಕೊಲ್ತಿರೋದು ಯಾವುದು?"

"ಮೇಡಂ, ಆ ಮಾತು ಸ್ವಲ್ಪ ಮೆಲ್ಲಗೆ."

"ಯಾಕೆ ಮೆಲ್ಲಗೆ? ಇಡೀ ದೇಶ ಕೇಳ್ಬೇಕು."

ಇಡೀ ದೇಶ ಕೇಳಲಿಲ್ಲ. ಪಟ್ಟಣದ ರೇಡಿಯೊ ಕೇಳುವಷ್ಟು ಜನ ಕೇಳಿದರು. ಭಾನುವಾರ ಮಧ್ಯಾಹ್ನದ ವಿಜ್ಞಾನ ಕಾರ್ಯಕ್ರಮದಲ್ಲಿ ಪ್ರೊಫೆಸರ್, ಬೇಲಿಯ ಎನ್‌ಕೆಂಗ್ ಎಲೆ ಒಂದೇ ದಿನದಲ್ಲಿ ಕೋಟ್ಯಂತರ ಜೀವಿಗಳನ್ನು ಕೊಂದುಹಾಕಿದೆಯೆಂದು ಸಂತೋಷದಿಂದ ತಿಳಿಸಿದರು. ಸೋಮವಾರ ಬೆಳಿಗ್ಗೆ ಫೊಂಗೊ-ಲೆಪೆಯ ಅರಮನೆಯಿಂದ ಗಾಸ್ಪಾರ್ ಅವರಿಗೆ ಕರೆ ಬಂತು. ಸಮಾಧಾನದ ಎಲೆಯ ಮೇಲೆ ಕೊಲೆಯ ಆರೋಪ ಬಂದಿದೆ, ವಿಚಾರಣೆ ಮಂಗಳವಾರ. ಮದುವೆ ಶನಿವಾರ.

ಅರಮನೆಯ ಚಾವಡಿಯಲ್ಲಿ ಒಂಬತ್ತು ಮಂದಿ ಹಿರಿಯರು ಕುಳಿತಿದ್ದರು. ಊರಿನ ಅರಸ, ಅಂದರೆ ಫೊ, ಚಿರತೆಯ ಚರ್ಮದ ಮೇಲೆ ಪಾದವಿಟ್ಟು ಕುಳಿತಿದ್ದರು. ಫೊ ನೇರವಾಗಿ ಮಾತನಾಡುವುದಿಲ್ಲ. ಅವರ ಪರವಾಗಿ ಕೇಳುವವರು ನಾಂಫಾಕ್ ಎಂಬ ಹಿರಿಯರು. ಹೆಂಗಸರ ಸಾಲಿನಲ್ಲಿ ಮಾ ಮೆಜಾತಿಯೊ, ಕಂಕುಳಲ್ಲಿ ಕೋಳಿ. ಗಾಸ್ಪಾರ್ ಬಾಗಿ ಮೂರು ಸಲ ಚಪ್ಪಾಳೆ ತಟ್ಟಿ ವಂದಿಸಿ ನಿಂತರು.

"ಎಷ್ಟು ಜನ ಸತ್ತರು?" ನಾಂಫಾಕ್ ಕೇಳಿದರು.

"ಜನ ಅಲ್ಲ ಹಿರಿಯರೇ, ಬ್ಯಾಕ್ಟೀರಿಯಾ. ಉಂಗುರದ ಜಾಗದಲ್ಲಿ ಸುಮಾರು ಒಂದು ಕೋಟಿ ಇರಬೇಕಿತ್ತು."

ಹಿರಿಯರು ಬೆರಳು ಮಡಚಿ ಎಣಿಸತೊಡಗಿ ಕೈಬಿಟ್ಟರು. ನೆರೆಯ ಊರಿನೊಂದಿಗೆ ನಡೆದ ದೊಡ್ಡ ಕಾಳಗದಲ್ಲಿ ಸತ್ತವರು ನಲವತ್ತು.

"ಯಾವ ಕಡೆಯೋರು?"

"ಆಸ್ಪತ್ರೆಯಿಂದ ಬಂದೋರು. ಒಬ್ಬ ರೋಗಿಯ ಕಾಲಲ್ಲಿ ಇದ್ರು."

"ಆ ರೋಗಿ ನಮ್ಮೂರಿನವನಾ?"

"ಹೆಸರು ಹೇಳೋ ಹಾಗಿಲ್ಲ. ನಿಯಮ."

"ಅಂದ್ರೆ ಕುಲ ಗೊತ್ತಿಲ್ಲದ ಒಂದು ಕೋಟಿ," ನಾಂಫಾಕ್ ಉಳಿದ ಹಿರಿಯರತ್ತ ತಿರುಗಿ ನಿಟ್ಟುಸಿರು ಬಿಟ್ಟರು. "ನಾಳೆ ಯಾರಾದ್ರೂ ಸಂಬಂಧ ಹೇಳ್ಕೊಂಡು ಬಂದ್ರೆ ಏನು ಉತ್ತರ ಕೊಡೋದು? ಆಗಲಿ. ಅವರು ಜಗಳ ಆಡ್ತಿದ್ರಾ?"

"ಇಲ್ಲ. ಸುಮ್ಮನೆ ಬೆಳೀತಿದ್ರು."

"ಎಲೆ ನೋಡಿದ್ರಾ?"

"ಅವರಿಗೆ ಕಣ್ಣಿಲ್ಲ."

"ಕಣ್ಣಿಲ್ಲದೋರು ಎಲೆಯಿಂದ ಇಷ್ಟೇ ದೂರ ನಿಲ್ಬೇಕು ಅಂತ ಸರಿಯಾಗಿ ಉಂಗುರದ ಹಾಗೆ ನಿಂತ್ರಾ?"

"ಅದನ್ನೇ ನಾವು ಅಳೆಯೋದು, ಹಿರಿಯರೇ."

ಹೆಂಗಸರ ಸಾಲಿನಿಂದ ಮಾ ಮೆಜಾತಿಯೊ ಎದ್ದು ನಿಂತು ಕೋಳಿಯನ್ನು ನೆಲಕ್ಕೆ ಬಿಟ್ಟರು. "ಕೋಳೀ, ಅರಮನೆಗೆ ಹೇಳು. ಆ ಗಂಟು ಹಾಕಿದ್ದು ನಾನು. ಎಲೆ ಕೊಂದಿದ್ರೆ ಕೊಂದ ಕೈ ನಂದೇ. ಆ ಕೈಯಲ್ಲಿ ಮದುಮಗಳ ಕಾಲು ಮುಟ್ಟೋಕಾಗಲ್ಲ. ಎಲೆ ಕೊಂದಿಲ್ಲ ಅಂತ ತೀರ್ಮಾನ ಆದ್ರೆ ಶನಿವಾರ ಹಚ್ತೀನಿ. ಇಲ್ಲಾಂದ್ರೆ ಇಲ್ಲ."

ಹಿರಿಯರು ಕೋಳಿಯತ್ತ ಗೌರವದಿಂದ ತಲೆಯಾಡಿಸಿದರು. ಗಾಸ್ಪಾರ್ ಇಷ್ಟು ವರ್ಷ ಕಾದದ್ದು ಇಂಥ ಒಂದು ಉಂಗುರಕ್ಕಾಗಿ. ಈಗ ಅದು ದೊಡ್ಡದಾದಷ್ಟೂ ಮಗಳ ಮದುವೆ ದೂರವಾಗುತ್ತಿತ್ತು.

ಆಗ ಫೊ ಬಾಗಿ ನಾಂಫಾಕರ ಕಿವಿಯಲ್ಲಿ ಏನೋ ಹೇಳಿದರು. ನಾಂಫಾಕ್ ನೆಟ್ಟಗಾದರು.

"ಫೊ ಕೇಳ್ತಾರೆ: ಅವರು ಸತ್ತರಾ, ಸುಮ್ಮನಾದರಾ?"

ಹನ್ನೆರಡು ಪ್ರೊಫೆಸರುಗಳು, ಎರಡು ವಿದೇಶಿ ತಂಡಗಳು, ನೂರಾರು ವಿದ್ಯಾರ್ಥಿಗಳು ಗಾಸ್ಪಾರ್ ಅವರ ಮೇಜಿನ ಮುಂದೆ ಬಂದು ಹೋಗಿದ್ದರು. ಯಾರೂ ಈ ಪ್ರಶ್ನೆಯನ್ನು ಕೇಳಿರಲಿಲ್ಲ. ಉಂಗುರ ಹೇಳುವುದು ಅಲ್ಲಿ ಏನೂ ಬೆಳೆದಿಲ್ಲವೆಂದು ಮಾತ್ರ. ಸತ್ತು ಬೆಳೆಯಲಿಲ್ಲವೋ, ಸುಮ್ಮನಿದ್ದು ಬೆಳೆಯಲಿಲ್ಲವೋ ಎಂದು ಅಡಿಪಟ್ಟಿ ಹೇಳಲಾರದು.

"ಗೊತ್ತಿಲ್ಲ," ಎಂದರು ಗಾಸ್ಪಾರ್.

"ತಿಳ್ಕೊಳ್ಳೋಕೆ ದಾರಿ ಇದೆಯಾ?"

"ಇದೆ. ನಿಯಮ ಪುಸ್ತಕದ ಅರವತ್ತನಾಲ್ಕನೇ ಪುಟದಲ್ಲಿದೆ. ಉಂಗುರದ ಒಳಗಿಂದ ಒಂದು ಚೂರು ಲೋಳೆ ಎತ್ತಿ, ಸಾರ ಹಾಕದ ಹೊಸ ತಟ್ಟೆಗೆ ಹಚ್ಬೇಕು. ಸತ್ತಿದ್ರೆ ಏನೂ ಬರಲ್ಲ. ಸುಮ್ಮನಿದ್ದಿದ್ರೆ ಮತ್ತೆ ಬೆಳೀತಾರೆ."

"ಮತ್ಯಾಕೆ ಇದುವರೆಗೆ ಮಾಡಿಲ್ಲ?"

"ಯಾರೂ ಕೇಳಿರಲಿಲ್ಲ."

ಫೊ ಮತ್ತೆ ಪಿಸುಗುಟ್ಟಿದರು. ಪರೀಕ್ಷೆ ನಾಳೆಯೇ ನಡೆಯಬೇಕು. ಅರಮನೆಯ ಪರವಾಗಿ ನಾಂಫಾಕ್ ಕಾವಲು ಕೂರಬೇಕು.

ಬುಧವಾರ ಎಂಟು ಗಂಟೆಗೆ ನಾಂಫಾಕ್ ಮೂರು ಕಾಲಿನ ಪೀಠವನ್ನು ತಾವೇ ಹೊತ್ತು ಪ್ರಯೋಗಾಲಯಕ್ಕೆ ಬಂದರು. ನಿಯಮದಂತೆ ಅವರ ಕಸೂತಿಯ ನಿಲುವಂಗಿಯ ಮೇಲೆ ಬಿಳಿ ಕೋಟು, ಗರಿಯ ಟೊಪ್ಪಿಗೆಯ ಮೇಲೆ ಕೂದಲು ಮುಚ್ಚುವ ಜಾಲರಿ ಹಾಕಲಾಯಿತು. ಅವರು ತಮ್ಮ ಚೀಲದಿಂದ ಮರ್ಯಾದೆಗೆ ಹಂಚುವ ಕೋಲಾಕಾಯಿ ತೆಗೆದು ಒಡೆದು, ಒಂದು ಹೋಳನ್ನು ಗಾಸ್ಪಾರ್ ಅವರಿಗೂ ಒಂದನ್ನು ಪ್ರೊಫೆಸರರಿಗೂ ಕೊಟ್ಟು, ಮೂರನೆಯದನ್ನು ಕಾವುಪೆಟ್ಟಿಗೆಯ ಮೇಲಿಟ್ಟರು.

"ಒಳಗಿರೋರಿಗೆ," ಎಂದರು.

"ಪಾ, ಅವು ಗಾಯ ಕೊಳೆಸೋ ಕ್ರಿಮಿಗಳು," ಎಂದರು ಪ್ರೊಫೆಸರ್ ಬಾಯಿಹಾ.

"ವಿಚಾರಣೆ ಮುಗಿಯೋವರೆಗೂ ಅವರು ಕಕ್ಷಿದಾರರು ಮಗಳೇ. ಆಮೇಲೆ ಕ್ರಿಮಿ."

ಗಾಸ್ಪಾರ್ ತಟ್ಟೆಯನ್ನು ಹೊರತೆಗೆದರು. ತಂತಿಯನ್ನು ಜ್ವಾಲೆಯಲ್ಲಿ ಕೆಂಪಾಗಿಸಿ, ಆರಿಸಿ, ತಿಳಿಯುಂಗುರದ ಒಳಗಿನಿಂದ ಕಡಲೆಕಾಳಿಗಿಂತ ಚಿಕ್ಕ ಲೋಳೆಯ ಚೂರನ್ನು ಎತ್ತಿ ಹೊಸ ತಟ್ಟೆಗೆ ಹಚ್ಚಿದರು. ನಾಂಫಾಕ್ ಬಾಗಿ ನೋಡಿದರು. ಕಾವುಪೆಟ್ಟಿಗೆಯ ಬಾಗಿಲು ಮುಚ್ಚಿತು. ಐದು ಗಂಟೆಗೆ ಪ್ರಯೋಗಾಲಯಕ್ಕೆ ಬೀಗ ಹಾಕುವ ಹೊತ್ತಾದಾಗ ಹಿರಿಯರು ಬೆಳ್ಳಿ ಹಿಡಿಯ ಊರುಗೋಲನ್ನು ಪೆಟ್ಟಿಗೆಗೆ ಒರಗಿಸಿ, "ನಾನು ಹೋಗ್ತೀನಿ. ಇದು ಕೂತಿರುತ್ತೆ," ಎಂದರು.

ಗುರುವಾರ ಬೆಳಿಗ್ಗೆ ಹೊಸ ತಟ್ಟೆ ತೊಳೆದಿಟ್ಟ ಕನ್ನಡಿಯಂತಿತ್ತು. ಒಂದು ಚುಕ್ಕೆಯೂ ಇರಲಿಲ್ಲ.

ಪ್ರೊಫೆಸರ್ ಬಾಯಿಹಾ ಮುಗುಳ್ನಕ್ಕರು. "ಕೊಂದಿದೆ. ಪಾ ಗಾಸ್ಪಾರ್, ನಿಮ್ಮ ಹೆಸರನ್ನ ಪ್ರಬಂಧದಲ್ಲಿ ಮೊದಲು ಹಾಕ್ತೀನಿ. ಇಷ್ಟು ವರ್ಷ ಯಾರೂ ಹಾಕಿಲ್ಲ ಅಲ್ವಾ?"

ಯಾರೂ ಹಾಕಿರಲಿಲ್ಲ. ಗಾಸ್ಪಾರ್ ತಟ್ಟೆಯನ್ನೇ ನೋಡುತ್ತ ನಿಂತರು. ಮಗಳು ಆ ಬೆಳಿಗ್ಗೆಯಷ್ಟೇ ಫೋನಿನಲ್ಲಿ, "ಪಾಪಾ, ಬದುಕಿದಾರಾ?" ಎಂದು ಕೇಳಿದ್ದಳು, ಯಾರನ್ನು ಕೇಳುತ್ತಿದ್ದಾಳೆಂದು ಅವರಿಗೆ ತಕ್ಷಣ ತಿಳಿದಿತ್ತು.

ನಾಂಫಾಕ್ ಪೀಠದಿಂದ ಏಳಲಿಲ್ಲ. "ಸಮಾಧಾನ ಆದೋನು ಮರುದಿನವೇ ಎದ್ದು ಕುಣಿಯಲ್ಲ. ನಮ್ಮಲ್ಲಿ ಎಲೆ ಕಟ್ಟಿದ ಮೇಲೆ ಎರಡು ದಿನ ಯಾರೂ ಯಾರ ಮನೆಗೂ ಹೋಗಲ್ಲ. ನಿಮ್ಮ ಪುಸ್ತಕ ಏನನ್ನುತ್ತೆ?"

ಗಾಸ್ಪಾರ್ ಅರವತ್ತನಾಲ್ಕನೆಯ ಪುಟ ತಿರುವಿದರು. ಕೆಳಗೆ ಸಣ್ಣಕ್ಷರದಲ್ಲಿ, ಮೊದಲ ದಿನ ಏನೂ ಕಾಣದಿದ್ದಲ್ಲಿ ನಲವತ್ತೆಂಟು ಗಂಟೆಗಳ ಬಳಿಕ ಮತ್ತೊಮ್ಮೆ ನೋಡತಕ್ಕದ್ದು ಎಂದಿತ್ತು. ಅರಮನೆಯೂ ಪುಸ್ತಕವೂ ಒಂದೇ ಮಾತು ಹೇಳಿದ್ದನ್ನು ಅವರು ಮೊದಲ ಬಾರಿ ಕಂಡರು.

ಆ ಮಧ್ಯಾಹ್ನ ಪ್ರೊಫೆಸರ್ ಪಾಠಕ್ಕೆ ಹೋದರು. ಹಿರಿಯರು ಕೆಸುವಿನ ಮುದ್ದೆ, ಹಳದಿ ಸಾರು ಊಟ ಮಾಡಿ ಬರುತ್ತೇನೆಂದು ಹೊರಟರು. ಗಾಸ್ಪಾರ್ ಒಬ್ಬರೇ ಉಳಿದರು. ಮೇಜಿನ ಎಡಬದಿಯಲ್ಲಿ ಹದಿನೇಳನೆಯ ನಂಬರಿನ ಜೀವಂತ ಬ್ಯಾಕ್ಟೀರಿಯಾಗಳಿಂದ ಮಸುಕಾದ ಕೊಳವೆ ಇತ್ತು. ತಂತಿಯ ತುದಿಯನ್ನು ಅದರಲ್ಲಿ ಅದ್ದಿ ಹೊಸ ತಟ್ಟೆಗೆ ಒಂದು ಸಲ ಮುಟ್ಟಿಸಿದರೆ ಸಾಕು. ಶುಕ್ರವಾರ ತಟ್ಟೆ ತುಂಬ ಬೆಳೆಯುತ್ತಿತ್ತು, ಶನಿವಾರ ಮದುವೆಯಾಗುತ್ತಿತ್ತು, ಜಗತ್ತಿನಲ್ಲಿ ಯಾರಿಗೂ ತಿಳಿಯುತ್ತಿರಲಿಲ್ಲ. ಅವರು ತಂತಿಯನ್ನು ನೋಡಿದರು. ಊರುಗೋಲನ್ನು ನೋಡಿದರು. ಎರಡೂ ಕೈಗಳನ್ನು ಕೋಟಿನ ಜೇಬಿಗೆ ಹಾಕಿಕೊಂಡು, ಹಿರಿಯರು ಹಿಂತಿರುಗುವ ತನಕ ಹಾಗೆಯೇ ಗೋಡೆಗೆ ಮುಖಮಾಡಿ ನಿಂತರು.

"ಏನಯ್ಯಾ, ಶಿಕ್ಷೆಗೆ ನಿಲ್ಲಿಸಿದ ಹಾಗೆ ನಿಂತಿದೀಯ?" ನಾಂಫಾಕ್ ಹಲ್ಲುಕಡ್ಡಿ ಆಡಿಸುತ್ತ ಕೇಳಿದರು.

"ನಿಯಮ ಓದ್ತಿದ್ದೆ."

"ಅಲ್ಲಿ ಕ್ಯಾಲೆಂಡರ್ ಇದೆ."

ಶುಕ್ರವಾರ ಬೆಳಿಗ್ಗೆ ಕಾವುಪೆಟ್ಟಿಗೆಯ ಬಾಗಿಲನ್ನು ತೆರೆದವರು ಗಾಸ್ಪಾರ್. ತಟ್ಟೆಯನ್ನು ಮೊದಲು ಕಂಡವರು ನಾಂಫಾಕ್. ಲೋಳೆಯ ಮೇಲೆ ಸೂಜಿಮೊನೆಯಷ್ಟು ಚಿಕ್ಕ, ಹಾಲುಬಣ್ಣದ ಚುಕ್ಕೆಗಳು ಎದ್ದಿದ್ದವು. ಗಾಸ್ಪಾರ್ ಪೆನ್ನಿನ ತುದಿಯಿಂದ ಒಂದೊಂದನ್ನೇ ಎಣಿಸಿದರು, ಹಿರಿಯರು ಕೋಲಾಕಾಯಿಯ ಚೂರುಗಳನ್ನು ಸಾಲಾಗಿ ಇಡುತ್ತ ಎಣಿಸಿದರು. ಇಬ್ಬರಿಗೂ ಇಪ್ಪತ್ತಮೂರು ಬಂತು.

"ಇಪ್ಪತ್ತಮೂರೇ? ಒಂದು ಕೋಟಿ ಅಂದಿದ್ದೆಯಲ್ಲ."

"ಎತ್ತಿದ್ದು ಒಂದು ಚೂರು, ಹಿರಿಯರೇ. ಒಂದೊಂದು ಚುಕ್ಕೆಯೂ ಈಗ ಒಂದೊಂದು ಊರು."

ನಾಂಫಾಕ್ ಎದ್ದು ನಿಂತರು. ಬಿಳಿ ಕೋಟಿನ ತೋಳುಗಳನ್ನು ಸರಿಪಡಿಸಿಕೊಂಡು, ಬಾಗಿ, ಗಾಜಿನ ತಟ್ಟೆಯ ಮುಂದೆ ಮೂರು ಸಲ ಚಪ್ಪಾಳೆ ತಟ್ಟಿದರು. "ಎದ್ದಿರಲ್ಲ, ಒಳ್ಳೇದಾಯ್ತು. ಎಲೆ ಮೇಲೆ ಏನೂ ಇಟ್ಕೊಳ್ಳಬೇಡಿ," ಎಂದರು. ಆ ಮಾತನ್ನು ಗಾಸ್ಪಾರ್ ದಾಖಲೆ ಪುಸ್ತಕದಲ್ಲಿ ಬರೆಯಲಿಲ್ಲ. ಮೂವತ್ತೊಂದು ವರ್ಷ ಬ್ಯಾಕ್ಟೀರಿಯಾಗಳು ಸಾಯಲೆಂದು ಕಾದ ಮನುಷ್ಯ, ಅವು ಬದುಕಿದ್ದಕ್ಕೆ ಕಣ್ಣೊರೆಸಿಕೊಂಡು, ಕನ್ನಡಕವನ್ನು ಎರಡು ಸಲ ಒರೆಸಿದರು.

ಪ್ರೊಫೆಸರ್ ಬಾಯಿಹಾ ತಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿದರು. "ಕೊಲ್ಲಲ್ಲ. ಬರೀ ತಡೆಯುತ್ತೆ," ಎಂದರು. ನಂತರ ಕುರ್ಚಿಯಲ್ಲಿ ಕುಳಿತು, "ಒಂಬತ್ತು ಮಾತ್ರೆ ಕೈಲಿ ತಡೆಯೋಕೂ ಆಗಿರಲಿಲ್ಲ. ಅದನ್ನೇ ಬರೆಯೋಣ. ರೇಡಿಯೊದವರಿಗೆ ಫೋನ್ ಮಾಡಿ, ಪಾ. ತಿದ್ದುಪಡಿ ಇದೆ ಅಂತ," ಎಂದರು.

ಮಧ್ಯಾಹ್ನ ಗಾಸ್ಪಾರ್ ಅತ್ತೆಯ ಅಂಗಳಕ್ಕೆ ಬಂದರು. ಎಲೆ ಕೊಂದಿಲ್ಲವೆಂಬ ಅರಮನೆಯ ತೀರ್ಮಾನ ಅವರಿಗಿಂತ ಮುಂಚೆಯೇ ಅಲ್ಲಿ ತಲುಪಿತ್ತು. ಕೋಳಿ ಮಾಮೂಲಿನಂತೆ ನಡುವೆ ಬಂದು ನಿಂತಿತು.

"ಕೋಳಿಯಮ್ಮಾ," ಎಂದರು ಗಾಸ್ಪಾರ್, "ಮದ್ದು ಶೂನ್ಯ ಅಲ್ಲ ಅಂತ ಹೇಳು. ಹತ್ತೊಂಬತ್ತು ಮಿಲಿಮೀಟರ್. ಹನ್ನೊಂದು ವರ್ಷದ ಹಿಂದೆ ಬರೆದಿದ್ದು ತಪ್ಪು ಅಂತಾನೂ ಹೇಳು. ಆವಾಗ ಯಾಕೆ ಬರಲಿಲ್ಲ ಅಂತ ನನಗಿನ್ನೂ ಪೂರ್ತಿ ಗೊತ್ತಿಲ್ಲ."

ಮಾ ಮೆಜಾತಿಯೊ ಎದ್ದು ಒಳಗೆ ಹೋದರು. ಹಿಂತಿರುಗಿದಾಗ ಅವರ ಕೈಯಲ್ಲಿ ಹಳದಿಗಟ್ಟಿದ ಒಂದು ಪ್ಲಾಸ್ಟಿಕ್ ಚೀಲವಿತ್ತು. ಒಳಗೆ ಒಣಗಿ ಕಂದಾದ ಒಂದು ಉದ್ದನೆಯ ಎಲೆ. ಅದರಲ್ಲಿ ಮೂರು ಗಂಟುಗಳ ಸುಕ್ಕು. ಮೇಲೆ ಅಂಟಿಸಿದ ಚೀಟಿಯಲ್ಲಿ ಗಾಸ್ಪಾರ್ ಅವರ ದುಂಡಗಿನ ಅಕ್ಷರ: ಮಾದರಿ ನೂರ ತೊಂಬತ್ತು, ಪರಕೀಯ ವಸ್ತು, ಹಿಂತಿರುಗಿಸಲಾಗಿದೆ. ಕೆಳಗೆ ಸಹಿ, ಮೊಹರು.

ಗಾಸ್ಪಾರ್ ಅವರಿಗೆ ಆ ವರ್ಷ ನೆನಪಾಯಿತು. ಹಣ ಕೊಟ್ಟ ವಿದೇಶಿ ಸಂಸ್ಥೆಯವರು ತಪಾಸಣೆಗೆ ಬರುವವರಿದ್ದರು. ಬಳಸದೆ ಉಳಿದುದನ್ನೆಲ್ಲ ಕೊಟ್ಟವರಿಗೇ ಮರಳಿಸಬೇಕೆಂಬ ಹೊಸ ನಿಯಮ ಬಂದಿತ್ತು. ಒಂದೇ ದಿನದಲ್ಲಿ ಅರವತ್ತು ಕಂತೆಗಳನ್ನು ಚಿಮಟದಿಂದ ಬಿಚ್ಚಿ, ಅರವತ್ತು ಚೀಲ ತುಂಬಿ, ಅರವತ್ತು ಸಹಿ ಹಾಕಿದ್ದರು. ಒಂದನ್ನೂ ಕಣ್ಣೆತ್ತಿ ನೋಡಿರಲಿಲ್ಲ.

"ಶೂನ್ಯ ಬರೆದೆ ಅಂತ ನಾನು ಮಾತು ಬಿಟ್ಟೆ ಅಂದ್ಕೊಂಡಿದ್ಯಾ ನೀನು?" ಎಂದರು ಮಾ ಮೆಜಾತಿಯೊ.

ಆಕೆ ಕೋಳಿಯತ್ತ ನೋಡುತ್ತಿರಲಿಲ್ಲ. ಗಾಸ್ಪಾರ್ ಅಭ್ಯಾಸಬಲದಿಂದ ಕೋಳಿಯತ್ತ ತಿರುಗಿ, ಮತ್ತೆ ಅತ್ತೆಯತ್ತ ತಿರುಗಿದರು.

"ಶೂನ್ಯ ಬರೆದ್ರೆ ಬರ್ಕೋ. ನಿನ್ನ ಪುಸ್ತಕ, ನಿನ್ನ ಪೆನ್ನು. ಮಗಳನ್ನ ಕೊಟ್ಟ ಅತ್ತೆ ಸಮಾಧಾನದ ಎಲೆ ಕಟ್ಟಿ ಕಳಿಸ್ತಾಳೆ, ಅಳಿಯ ಅದನ್ನ ಬಿಚ್ಚಿ, ಮೊಹರು ಒತ್ತಿ ವಾಪಸ್ ಕಳಿಸ್ತಾನೆ. ಈ ಊರಲ್ಲಿ ಯುದ್ಧ ಸಾರಿದೋರೂ ಸಹಿ ಹಾಕಿ ಸಾರಿಲ್ಲ."

"ಮಾ, ನಾನು ನೋಡಲಿಲ್ಲ."

"ಅದು ಈಗ ಗೊತ್ತಾಗ್ತಿದೆ. ಇನ್ನೊಂದು ಕೇಳು. ಆ ತೊಗಟೆನ ನಾನು ಯಾವತ್ತೂ ಎಲೆ ಬಿಚ್ಚಿ ಕುದಿಸಿಲ್ಲ. ನನ್ನಮ್ಮನೂ ಕುದಿಸಿಲ್ಲ. ಕಟ್ಟಿದ ಹಾಗೇ ಮಡಕೆಗೆ ಹಾಕೋದು. ಅರ್ಧ ಮದ್ದನ್ನ ನೀನು ಪರೀಕ್ಷೆ ಮಾಡಿದೆ, ಇನ್ನರ್ಧಾನ ಚೀಲದಲ್ಲಿ ಹಾಕಿ ಕಳಿಸಿದೆ."

"ಹನ್ನೊಂದು ವರ್ಷದಲ್ಲಿ ಒಂದ್ಸಲ ಹೇಳಬಹುದಿತ್ತಲ್ಲ, ಮಾ."

"ಹೇಳಿದೀನಿ. ಮೊದಲನೇ ಕೋಳಿಗೆ." ಆಕೆ ಕುಳಿತು ಮಡಿಲ ಮೇಲೆ ಅಂಟಿದ್ದ ಗಡ್ಡೆಯ ಸಿಪ್ಪೆಯನ್ನು ಕೊಡವಿದರು. "ನೀನು ಆವಾಗಿನ್ನೂ ಕೋಳಿ ಮಾತು ಕೇಳ್ತಿರಲಿಲ್ಲ."

ಶನಿವಾರ ಮಾ ಮೆಜಾತಿಯೊ ಕ್ಲಾರಿಸಳ ಪಾದಗಳಿಗೆ ಕೆಂಪೆಣ್ಣೆಯನ್ನು ಹೆಬ್ಬೆರಳಿನಿಂದ ಹಿಮ್ಮಡಿಯ ತನಕ, ಯಾವ ಅವಸರವೂ ಇಲ್ಲದೆ ಹಚ್ಚಿದರು. ಬೇರು ಮಾರುವ ಮುದುಕಿಯರು ಸಾಲಾಗಿ ಬಂದು ಕುಣಿದರು. ಬುಟ್ಟಿಗಳ ಮೇಲೆ ಬಟ್ಟೆ ಇರಲಿಲ್ಲ. ಅವರಲ್ಲಿ ಮೂವರು ತಮ್ಮ ತಮ್ಮ ಹಳೆಯ ಪ್ಲಾಸ್ಟಿಕ್ ಚೀಲಗಳನ್ನು ತಂದಿದ್ದರು, ಮರುಪರೀಕ್ಷೆಗೆ. ಗಾಸ್ಪಾರ್ ಮದುವೆಯ ಊಟದ ನಡುವೆಯೇ ಮೂವರಿಗೂ ರಸೀದಿ ಬರೆದುಕೊಟ್ಟರು.

ಹೊರಡುವಾಗ ಅತ್ತೆ ಕಪ್ಪು ಕೋಳಿಯ ಕಾಲಿಗೆ ನಾರು ಕಟ್ಟಿ ಅಳಿಯನ ಕೈಗಿತ್ತರು. "ಇಲ್ಲಿ ಇದಕ್ಕಿನ್ನು ಕೆಲಸ ಇಲ್ಲ. ತಗೊಂಡು ಹೋಗು. ಕೊಯ್ಬೇಡ, ನಮ್ಮ ಮನೆ ಮಾತೆಲ್ಲ ಅದರ ಹೊಟ್ಟೇಲಿದೆ."

ಪಟ್ಟಣದ ಟ್ಯಾಕ್ಸಿಯಲ್ಲಿ ಏಳು ಜನ ಒತ್ತಿಕೊಂಡು ಕುಳಿತಿದ್ದರು. ಗಾಸ್ಪಾರ್ ಮಡಿಲಲ್ಲಿ ಕೋಳಿಯನ್ನಿಟ್ಟುಕೊಂಡು ಕಿಟಕಿಯ ಬದಿಯಲ್ಲಿದ್ದರು. ಎರಡನೆಯ ತಿರುವು ದಾಟಿದ ಮೇಲೆ ಅವರು ಎದೆಜೇಬಿನಿಂದ ಅಡಿಪಟ್ಟಿ ತೆಗೆದು, ಹತ್ತೊಂಬತ್ತನೆಯ ಗೆರೆಯ ಮೇಲೆ ಉಗುರಿಟ್ಟು, ಕೋಳಿಯ ಮಂಜಾಗದ ಕಣ್ಣಿನ ಮುಂದೆ ಹಿಡಿದರು.

"ಇಲ್ಲಿಂದ ಇಲ್ಲೀವರೆಗೆ," ಎಂದರು.

ಪಕ್ಕದಲ್ಲಿದ್ದ ಹೆಂಗಸು ತನ್ನ ಗಂಟನ್ನು ಇನ್ನೊಂದು ತೊಡೆಗೆ ಸರಿಸಿಕೊಂಡಳು. "ಪಾ, ಕೋಳಿ ಜೊತೆ ಮಾತಾಡ್ತಿದೀರಾ?"

"ಹನ್ನೊಂದು ವರ್ಷದ ಅಭ್ಯಾಸ, ತಾಯಿ," ಎಂದರು ಗಾಸ್ಪಾರ್. "ಇದು ಒಂದ್ಸಲಾನೂ ಮಾತು ತಪ್ಪಾಗಿ ಮುಟ್ಟಿಸಿಲ್ಲ."